ಮಲಕ್ಕಾ ಜಲಸಂಧಿಯಲ್ಲಿ ಕೊಟ್ಟ ಮಾತು

ನರ್ಸಿನ ಕೈಯಲ್ಲಿದ್ದದ್ದು ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಬಿಳಿ ಪ್ಲಾಸ್ಟಿಕ್ ಶೀಷೆ. ಚಿತ್ರಾಳ ಗದ್ದ ಹಿಡಿದು ಮೇಲೆತ್ತಿ, ಎರಡೂ ಕಣ್ಣಿಗೆ ಎರಡೆರಡು ಹನಿ ಬಿಟ್ಟು, “ಆಂಟಿ, ಕ್ಲೋಸ್ ಯುವರ್ ಐಸ್ ಆಹ್, ಟ್ವೆಂಟಿ ಮಿನಿಟ್ಸ್” ಎಂದಳು. ಮೂವತ್ತರ ಆಚೆಗಿನ ಆ ನರ್ಸಿನಿಂದ ಆಂಟಿ ಎನ್ನಿಸಿಕೊಂಡ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕಿದಳು. ನಾನು ಮಾತ್ರ ಆ ಶೀಷೆಯನ್ನೇ ನೋಡುತ್ತಿದ್ದೆ. ಅಂಥದ್ದೇ ಒಂದನ್ನು ಹಿಂದೊಮ್ಮೆ ಹಡಗಿನ ಬಚ್ಚಲುಮನೆಯಲ್ಲಿ, ಷೇವಿಂಗ್ ಡಬ್ಬಿಯ ಹಿಂದೆ ನೋಡಿದ್ದೆ.

ಸಿಂಗಪುರದ ಬೆಡೋಕಿನಲ್ಲಿರುವ ಈ ಕಣ್ಣಿನ ಕ್ಲಿನಿಕ್ಕಿಗೆ ನಾವು ವರ್ಷಕ್ಕೊಮ್ಮೆ ಬರುತ್ತೇವೆ. ಚಿತ್ರಾಳ ತಂದೆಗೆ ಗ್ಲಾಕೋಮಾ ಇತ್ತು. ಕಣ್ಣಿನೊಳಗಿನ ಒತ್ತಡ ಏರಿ ನರವನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ ಅದು. ರಕ್ತಸಂಬಂಧದಲ್ಲಿ ಇಳಿದು ಬರಬಹುದಾದ್ದರಿಂದ ಮಕ್ಕಳು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ಈ ಸಲ ಹೊಸ ಡಾಕ್ಟರು, ಹೊಸ ಕಂಪ್ಯೂಟರು. ಎಲ್ಲವನ್ನೂ ಮೊದಲಿನಿಂದ ತುಂಬಿಸುತ್ತಿದ್ದ ನರ್ಸು, ತಂದೆಯ ಕಾಯಿಲೆ ಮನೆಯವರಿಗೆ ತಿಳಿದದ್ದು ಯಾವಾಗ ಎಂದು ಕೇಳಿದಳು.

ಚಿತ್ರಾ ಮುಚ್ಚಿದ ಕಣ್ಣಲ್ಲೇ ನನ್ನ ಕಡೆ ತಿರುಗಿದಳು. “ಅಪ್ಪಂದು ನಮಗೆ ಗೊತ್ತಾಗಿದ್ದು ಯಾವಾಗ ಹೇಳು? ನೀವಿಬ್ರೂ ಕ್ರೂಸ್ ಮುಗಿಸ್ಕೊಂಡು ಬಂದು ಹತ್ತು ದಿನ ಆಗಿತ್ತಲ್ವಾ?”

“ಹೂಂ, ಹತ್ರ ಹತ್ರ ಅಷ್ಟೇ” ಎಂದೆ.

ನರ್ಸು ಅದನ್ನು ಟೈಪ್ ಮಾಡಿಕೊಂಡು ಹೋದಳು. ಇನ್ನು ಇಪ್ಪತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಆ ಹಡಗಿನ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ. ಇದುವರೆಗೆ ಯಾರಿಗೂ ಪೂರ್ತಿ ಹೇಳಿದವನಲ್ಲ.

ನನ್ನ ಮಾವ ಅರಸೀಕೆರೆಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿದ ಮೇಷ್ಟ್ರು. ಅಟ್ಲಾಸನ್ನು ಬಿಚ್ಚದೆಯೇ ಬೋರ್ಡಿನ ಮೇಲೆ ಏಷ್ಯಾ ಖಂಡವನ್ನು ಬರೆಯುತ್ತಿದ್ದರಂತೆ. ಸೈಬೀರಿಯಾದಿಂದ ಹೊರಟ ಸೀಮೆಸುಣ್ಣ ಜಪಾನ್ ಸಮುದ್ರವನ್ನು ಬಳಸಿಕೊಂಡು ಬಂದು, ಮಲಯದ ಉದ್ದನೆಯ ಬಾಲವನ್ನು ಎಳೆದು, ಅದರ ತುದಿಯಲ್ಲಿ ಒಂದು ಚುಕ್ಕೆ ಇಟ್ಟು ನಿಲ್ಲುತ್ತಿತ್ತಂತೆ. “ಇದು ಸಿಂಗಪುರ. ಪೂರ್ವ ಪಶ್ಚಿಮದ ಹಡಗೆಲ್ಲ ಈ ಸಂದಿಯಲ್ಲೇ ತೂರಿಕೊಂಡು ಹೋಗ್ಬೇಕು” ಎನ್ನುತ್ತಿದ್ದರಂತೆ. ಆ ಚುಕ್ಕೆಯೊಳಗೆ ತನ್ನ ಮಗಳೇ ಹೋಗಿ ಮನೆ ಮಾಡುತ್ತಾಳೆಂದು ಆಗ ಅವರಿಗೆ ಅನ್ನಿಸಿರಲಾರದು. ಜಗತ್ತಿನ ಎಲ್ಲ ಸಾಗರಗಳನ್ನೂ ಕಲಿಸಿದ ಅವರು ಸಮುದ್ರವನ್ನು ನೋಡಿದ್ದು ಒಂದೇ ಸಲ, ಅದೂ ಗೋಕರ್ಣದ ದಡದಲ್ಲಿ ಪ್ಯಾಂಟು ಮಡಚಿಕೊಂಡು ನಿಂತು.

ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳ ಆಡುವಷ್ಟು ಸಲಿಗೆಯೇ ಇರಲಿಲ್ಲ. ಮದುವೆಯಾಗಿ ಹದಿನೇಳು ವರ್ಷವಾಗಿದ್ದರೂ ನಮ್ಮ ಮಾತುಕತೆ “ಊಟ ಆಯ್ತಾ?”, “ಫ್ಲೈಟ್ ಸರಿಯಾದ ಟೈಮಿಗೆ ಬಂತಾ?” ಎನ್ನುವುದರಿಂದ ಮುಂದಕ್ಕೆ ಹೋಗಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಅವರು ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದರು. ಎಪ್ಪತ್ಮೂರನೆಯ ವಯಸ್ಸಿನಲ್ಲಿ ಎರಡು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು.

ಬಂದ ಮೊದಲ ವಾರದಿಂದಲೇ ನನಗೆ ಅವರ ನಡವಳಿಕೆ ಬಿಗುಮಾನದ್ದೆನಿಸಿತು. ಪಕ್ಕದಲ್ಲಿ ನಿಂತು ಕಾಫಿಲೋಟ ಚಾಚಿದರೆ ತೆಗೆದುಕೊಳ್ಳುತ್ತಿರಲಿಲ್ಲ. ಲಿಫ್ಟಿನಲ್ಲಿ ಎದುರು ಮನೆಯ ಚೀನೀ ಅಂಕಲ್ ನಗುತ್ತ ತಲೆಯಾಡಿಸಿದರೆ ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಸಂಜೆ ಕಟ್ಟಡದ ಕೆಳಗಿನ ತೆರೆದ ಹಜಾರಕ್ಕೆ, ಇಲ್ಲಿಯವರ ವಾಯ್ಡ್ ಡೆಕ್ಕಿಗೆ, ಹೋಗಿ ಕೂರೋಣವೆಂದರೆ ಬೇಡ. ಕತ್ತಲಾಗುವ ಮುಂಚೆ ಮನೆ ಸೇರಲೇಬೇಕು. ಒಂದು ದಿನ ನಾನು ಚಿತ್ರಾಗೆ, “ನಾವು ಏನು ಮಾಡಿದ್ರೂ ನಿಮ್ಮಪ್ಪನ ಕಣ್ಣಿಗೆ ಬೀಳಲ್ಲ ಕಣೆ” ಎಂದೆ. ಅವಳು ಬೇಜಾರು ಮಾಡಿಕೊಂಡಳು. ಆಡಿದ ಮಾತು ಅಕ್ಷರಶಃ ನಿಜವೆಂದು ನನಗಾಗಲಿ ಅವಳಿಗಾಗಲಿ ಗೊತ್ತಿರಲಿಲ್ಲ.

ಕ್ರೂಸ್ ಚಿತ್ರಾಳ ಯೋಚನೆ. ಮರೀನಾ ಬೇಯಿಂದ ಹೊರಟು, ಮಲಕ್ಕಾ ಜಲಸಂಧಿಯಲ್ಲಿ ಮೇಲಕ್ಕೆ ಹೋಗಿ, ಒಂದು ದಿನ ಮಲೇಷ್ಯಾದ ಪೆನಾಂಗಿನಲ್ಲಿ ಇಳಿದು ವಾಪಸು ಬರುವ ಮೂರು ರಾತ್ರಿಯ ಪಯಣ. ನಾಲ್ವರೂ ಹೋಗುವುದೆಂದು ಅಪ್ಪ ಊರಿನಲ್ಲಿರುವಾಗಲೇ ಬುಕ್ ಮಾಡಿದ್ದಳು. ಹೊರಡುವುದಕ್ಕೆ ಎರಡು ದಿನವಿದ್ದಾಗ ಮಗಳು ಅನಘಾಳಿಗೆ ಚಿಕನ್‌ಪಾಕ್ಸ್ ಆಯಿತು. ನಾನು ಕ್ಯಾನ್ಸಲ್ ಮಾಡೋಣವೆಂದೆ. ಮೈಮೇಲೆಲ್ಲ ಲೋಷನ್ ಹಚ್ಚಿಸಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದ ಅನಘಾ, “ತಾತ, ಯೂ ಗೋ ಲಾ. ನಾನು ಆಮೇಲೂ ಹೋಗ್ಬಹುದು” ಎಂದಳು. ಅಪ್ಪನ ಬಾಡಿದ ಮುಖ ನೋಡಿದ ಚಿತ್ರಾ, “ನೀವಿಬ್ರೇ ಹೋಗಿ ಬನ್ನಿ” ಎಂದು ತೀರ್ಮಾನ ಮಾಡಿಬಿಟ್ಟಳು. ಹೀಗೆ ಮಾವ ಅಳಿಯ ಇಬ್ಬರೇ ಹನಿಮೂನಿನವರಿಗೆ ಹೇಳಿಮಾಡಿಸಿದಂಥ ಕ್ಯಾಬಿನ್ ಸೇರಿದೆವು. ಮಂಚದ ಮೇಲೆ ಟವೆಲ್ಲಿನಲ್ಲಿ ಮಡಿಸಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ಕೊಟ್ಟುಕೊಂಡು ಕೂತಿದ್ದವು. ನಾನು ಅವಸರವಾಗಿ ಅವನ್ನು ಬಿಚ್ಚಿ ಮಡಿಚಿಟ್ಟೆ.

ನೀವು ಇಂಥ ಹಡಗಿನಲ್ಲಿ ಹೋಗಿದ್ದೀರೋ ಇಲ್ಲವೋ ಕಾಣೆ. ಹೋಗದಿದ್ದರೆ, ಒಂದು ದೊಡ್ಡ ಶಾಪಿಂಗ್ ಮಾಲನ್ನು ಮದುವೆ ಛತ್ರದ ಸಮೇತ ನೀರಿನ ಮೇಲೆ ತೇಲಿಬಿಟ್ಟ ಹಾಗೆ ಎಂದುಕೊಳ್ಳಿ. ಬೆಳಗಿನಿಂದ ಊಟವೋ ಊಟ. ಮಾವ ಅಷ್ಟು ಭಕ್ಷ್ಯಗಳ ನಡುವೆ ಮೊಸರನ್ನ ಹುಡುಕಿದರು. ಮೊದಲ ಮಹಡಿಯ ಗೋಡೆಯ ಮೇಲೆ ಒಂದು ಭಾರೀ ಭೂಪಟವಿತ್ತು. ಅದರ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತು, ಹತ್ತು ನಿಮಿಷ ನೋಡಿ, “ಶ್ರೀಲಂಕಾ ಸ್ವಲ್ಪ ದಪ್ಪ ಬರ್ದಿದಾರೆ” ಎಂದರು. ಬಚ್ಚಲಿನಲ್ಲಿ ಆ ಬಿಳಿ ಶೀಷೆ ಕಂಡು ನಾನು ಏನೆಂದು ಕೇಳಿದ್ದಕ್ಕೆ, “ಕಣ್ಣುರಿಗೆ” ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಹಡಗು ಪೆನಾಂಗ್ ಮುಟ್ಟಿತು. ಸಂಜೆ ನಾಲ್ಕರೊಳಗೆ ಎಲ್ಲರೂ ಹಡಗಿಗೆ ಮರಳಬೇಕು. ನಾನು ಬಿಶಾನಿನ ಆಫೀಸೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ರಜೆಯನ್ನೂ ಎಕ್ಸೆಲ್ಲಿನಲ್ಲಿ ಹಾಕಿ, ಅರ್ಧರ್ಧ ಗಂಟೆಗೆ ಒಂದೊಂದು ಬಣ್ಣ ಕೊಡುವ ಜಾತಿ. ಹನ್ನೊಂದು ಗಂಟೆಗೆ ಬೆಟ್ಟದ ರೈಲು, ಒಂದಕ್ಕೆ ಊಟ, ಎರಡಕ್ಕೆ ಹಳೆಯ ಬೀದಿಗಳ ಗೋಡೆಚಿತ್ರ ಎಂದು ಹಾಕಿಕೊಂಡಿದ್ದೆ. ಬಂದರಿನಿಂದ ಹೊರಬಂದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಾವ, “ಬೆಟ್ಟಕ್ಕೆ ನೀವು ಹೋಗ್ಬನ್ನಿ. ನಾನು ಇಲ್ಲೇ ಎಲ್ಲಾದ್ರೂ ಕೂತಿರ್ತೀನಿ” ಎಂದರು.

“ಟಿಕೆಟ್ ಬುಕ್ ಮಾಡಿದೀನಿ ಮಾವ. ಮೇಲಿಂದ ಇಡೀ ಸಮುದ್ರ ಕಾಣುತ್ತಂತೆ.”

“ಸಮುದ್ರ ಹಡಗಿಂದ್ಲೇ ಕಾಣುತ್ತಲ್ಲ.”

ನನಗೆ ಸಿಟ್ಟು ಬಂತು. ತೋರಿಸಿಕೊಳ್ಳಲಿಲ್ಲವೆಂದು ಆಗ ಅಂದುಕೊಂಡಿದ್ದೆ. ಆದರೆ ಬೇಕೆಂದೇ ಎರಡು ಹೆಜ್ಜೆ ಮುಂದೆ ನಡೆಯತೊಡಗಿದ್ದು ಈಗ ನೆನಪಾಗುತ್ತದೆ. ತಮಿಳರ ಅಂಗಡಿಗಳ ಬೀದಿ ಅದು. ಅಂಗಡಿಗಳ ಮುಂದೆ ಉದ್ದಕ್ಕೂ ಜಗಲಿ. ಒಂದು ಅಂಗಡಿಯ ಜಗಲಿ ಎತ್ತರ, ಮುಂದಿನದು ಒಂದು ಗೇಣು ತಗ್ಗು, ಅದರ ಪಕ್ಕದಲ್ಲಿ ಬಾಯಿ ತೆರೆದ ಚರಂಡಿ. ನಾನು ಹಿಂತಿರುಗಿ ನೋಡದೆ ಹೋಗುತ್ತಿದ್ದೆ. ಹಿಂದಿನಿಂದ ಧೊಪ್ಪೆಂದು ಸದ್ದಾಯಿತು. ಹೆಂಗಸೊಬ್ಬಳು “ಅಯ್ಯೋ” ಎಂದು ಕೂಗಿದಳು.

ಮಾವನ ಒಂದು ಕಾಲು ಚರಂಡಿಯೊಳಗಿತ್ತು. ಅಂಗೈ ತರಚಿ ರಕ್ತ ಬರುತ್ತಿತ್ತು. ಕನ್ನಡಕ ಎಲ್ಲೋ ಹಾರಿತ್ತು. ಕೂಗಿದ ಹೆಂಗಸು ಅಲ್ಲೇ ಹೂವು ಕಟ್ಟುತ್ತಿದ್ದವಳು, ಐವತ್ತರ ಆಸುಪಾಸು. ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿಬಂದು, ನನಗಿಂತ ಮೊದಲೇ ಅವರ ತೋಳಿಗೆ ಕೈ ಕೊಟ್ಟು ಎಬ್ಬಿಸಿದಳು. ತನ್ನ ಸ್ಟೂಲಿನ ಮೇಲೆ ಕೂರಿಸಿ, ಕಾಲು ತೊಳೆದು, ಒಂದು ಲೋಟ ನೀರು ತಂದು ಬಲಗಡೆಯಿಂದ ಚಾಚಿದಳು. ಮಾವ ತೆಗೆದುಕೊಳ್ಳಲಿಲ್ಲ. ಅವಳು ಒಂದು ಗಳಿಗೆ ಹಾಗೇ ನಿಂತು, ಲೋಟವನ್ನು ಅವರ ಮುಖದ ನೇರಕ್ಕೆ ತಂದು ಹಿಡಿದಳು. ತಕ್ಷಣ ತೆಗೆದುಕೊಂಡರು.

ಆಮೇಲೆ ಅವಳು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ತಮಿಳಿನಲ್ಲಿ ಕೇಳಿದಳು. ಬೆಂಗಳೂರಿನಲ್ಲಿ ಬೆಳೆದವನಿಗೆ ಅಷ್ಟು ತಮಿಳು ಬರುತ್ತದೆ. ಅಯ್ಯನಿಗೆ ಪಕ್ಕದ್ದು ಕಾಣುವುದಿಲ್ಲ ಅಲ್ಲವೇ, ನನ್ನ ಅಪ್ಪನಿಗೂ ಹೀಗೇ ಇತ್ತು, ನೀವು ಯಾಕೆ ಕೈ ಹಿಡಿದುಕೊಂಡು ಬರಲಿಲ್ಲ ಎಂದು ಅವಳು ಕೇಳಿದ್ದು.

ಆರು ವಾರ ಒಂದೇ ಮನೆಯಲ್ಲಿದ್ದು ನನಗೆ ಕಾಣದ್ದನ್ನು ಅವಳು ಒಂದು ಲೋಟ ನೀರಿನಲ್ಲಿ ಕಂಡುಕೊಂಡಿದ್ದಳು. ಚರಂಡಿಯ ಅಂಚಿನಲ್ಲಿ ಬಿದ್ದಿದ್ದ ಕನ್ನಡಕವನ್ನು ಹುಡುಕಿ, ಅಂಗಿಯ ತುದಿಯಲ್ಲಿ ಒರೆಸಿ, ಮಾವನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ.

“ಎಷ್ಟು ದಿನದಿಂದ ಮಾವ?”

ಅವರು ಕನ್ನಡಕ ಹಾಕಿಕೊಂಡರು. ಬೀದಿಯ ಕಡೆ ನೋಡುತ್ತ ಹೇಳಿದರು. ಎರಡು ವರ್ಷದಿಂದ. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಪೇಪರ್ ಓದಬಹುದು. ಸುತ್ತಲಿನದು ಮಾತ್ರ ಕೊಳವೆಯೊಳಗಿಂದ ನೋಡಿದ ಹಾಗೆ ದಿನೇ ದಿನೇ ಮುಚ್ಚಿಕೊಂಡು ಬರುತ್ತಿದೆ. ಮೈಸೂರಿನ ಡಾಕ್ಟರು ಎರಡೂ ಕಣ್ಣಿಗೆ ಆಪರೇಷನ್ ಆಗಬೇಕೆಂದು ದಿನ ಕೊಟ್ಟಿದ್ದರು. ಇವರು ಮಗನಿಗೂ ಹೇಳದೆ ಅದನ್ನು ಮೂರು ತಿಂಗಳು ಮುಂದಕ್ಕೆ ಹಾಕಿಸಿಕೊಂಡು ವಿಮಾನ ಹತ್ತಿದ್ದರು.

“ಯಾಕೆ?” ಎಂದೆ.

“ಚಿತ್ರಾ ಹಡಗು ಬುಕ್ ಮಾಡಿದ್ಳಲ್ಲ.”

“ಹಡಗು ಮುಂದಿನ ವರ್ಷವೂ ಇರ್ತಿತ್ತು.”

“ಹಡಗಿರುತ್ತೆ” ಎಂದರು. “ಆಪರೇಷನ್ ಆದ್ರೂ ಹೋಗಿದ್ದು ವಾಪಸ್ ಬರಲ್ಲ ಅಂದಿದಾರೆ. ಇರೋದು ಉಳೀಬಹುದು, ಉಳೀದೇನೂ ಇರಬಹುದು. ನೋಡೋದನ್ನ ಮೊದ್ಲು ನೋಡ್ಬಿಡೋಣ ಅನ್ನಿಸ್ತು.”

ಬೆಟ್ಟದ ರೈಲು ನಮ್ಮನ್ನು ಬಿಟ್ಟೇ ಹತ್ತಿರಬೇಕು. ನಾವು ಆ ಸ್ಟೂಲು, ಆ ಜಗಲಿ ಬಿಟ್ಟು ಮಧ್ಯಾಹ್ನದವರೆಗೂ ಏಳಲಿಲ್ಲ. ಹೊರಡುವಾಗ ಹೂವಿನವಳು ಎರಡು ಮೊಳ ಮಲ್ಲಿಗೆ ಕಟ್ಟಿಕೊಟ್ಟು, ಮನೆಯ ಹೆಂಗಸರಿಗೆ ಎಂದಳು. ಬಂದರಿನವರೆಗೆ ನಾನು ಅವರ ಮೊಣಕೈ ಹಿಡಿದು ನಡೆದೆ. ಇಬ್ಬರಿಗೂ ನಾಚಿಕೆ. ಮದುವೆಯ ದಿನ ಧಾರೆ ಎರೆದಾಗ ಬಿಟ್ಟರೆ ನಾವು ಒಬ್ಬರನ್ನೊಬ್ಬರು ಮುಟ್ಟಿದ್ದೇ ಇರಲಿಲ್ಲ.

ಹಡಗಿನ ಡಾಕ್ಟರು ಅಂಗೈಗೆ ಬ್ಯಾಂಡೇಜು ಹಾಕಿದರು. ಐದು ಗಂಟೆಗೆ ಹಡಗು ಬಂದರು ಬಿಟ್ಟಿತು. ಮೇಲಿನ ಡೆಕ್ಕಿನಲ್ಲಿ ಈಜುಕೊಳದ ಸುತ್ತ ಹಾಡು ಕುಣಿತ ನಡೆದಿತ್ತು. ಅದರಿಂದ ದೂರ, ಕಟಕಟೆಗೆ ತಾಗಿದ ಎರಡು ಕುರ್ಚಿಗಳಲ್ಲಿ ಕೂತೆವು. ದಕ್ಷಿಣಕ್ಕೆ ಸಾಗುತ್ತಿದ್ದ ಹಡಗಿನ ಬಲಕ್ಕೆ ಸೂರ್ಯ ಇಳಿಯುತ್ತಿದ್ದ. ಮಾವ ಕಣ್ಣು ಕಿರಿದು ಮಾಡಿ, ಕತ್ತನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸುತ್ತ ನೋಡುತ್ತಿದ್ದರು. ಒಂದು ನೋಟದಲ್ಲಿ ನಮಗೆ ಸಿಗುವ ಸಮುದ್ರವನ್ನು ಅವರು ತುಂಡು ತುಂಡಾಗಿ ತೆಗೆದುಕೊಂಡು ಜೋಡಿಸಿಕೊಳ್ಳಬೇಕಿತ್ತು.

“ಆ ಕಡೆ ಸುಮಾತ್ರ” ಎಂದರು.

ನಾನು ನೋಡಿದೆ. ಬರೀ ನೀರು. “ಏನೂ ಕಾಣಲ್ಲ ಮಾವ.”

“ಇಲ್ಲಿಂದ ಕಾಣಲ್ಲ. ತುಂಬ ದೂರ. ಆದ್ರೆ ಇದೆ.” ಕ್ಲಾಸಿನಲ್ಲಿ ಹೇಳುವಂತೆ ಹೇಳತೊಡಗಿದರು. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಡೆಯಿಂದ ಒಂದು ಮಾರುತ ಹಿಡಿದು ಬಂದವರು, ಹಿಂದಕ್ಕೆ ಹೋಗಲು ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಈ ದಡಗಳಲ್ಲೇ ಕಾಯಬೇಕಿತ್ತಂತೆ. ಕಾಯುತ್ತ ಕಾಯುತ್ತ ಎಷ್ಟೋ ಜನ ಇಲ್ಲೇ ಮನೆ ಕಟ್ಟಿಕೊಂಡರಂತೆ. “ಮೂವತ್ನಾಲ್ಕು ವರ್ಷ ಇದನ್ನ ಹೇಳ್ದೆ. ಪ್ರತಿ ಸಲ ಹೇಳುವಾಗ್ಲೂ ಈ ನೀರು ಯಾವ ಬಣ್ಣ ಇರಬಹುದು ಅಂತ ಅನ್ನಿಸ್ತಿತ್ತು. ಹಸಿರು.”

ಬೆಳಕು ಇಳಿಯಿತು. ಅವರಿಗೆ ಏನೂ ಕಾಣದಾಯಿತೆಂದು ಕಟಕಟೆಯನ್ನು ತಡಕಿದ ಕೈಯಿಂದ ಗೊತ್ತಾಯಿತು. ಆಗಲೇ ಅವರು ಕೇಳಿದ್ದು.

“ಚಿತ್ರಾಗೆ ಹೇಳ್ಬೇಡಿ. ಇನ್ನು ಎರಡು ವಾರ. ನಾನು ಊರಿಗೆ ಹೋಗೋವರ್ಗೂ.”

“ಹೇಗೆ ಹೇಳ್ದೆ ಇರ್ಲಿ ಮಾವ?”

“ಅವ್ರಮ್ಮ ನಾಲ್ಕು ವರ್ಷ ಮಲ್ಗಿದ್ದಾಗ ಇಲ್ಲಿಂದ ಅಲ್ಲಿಗೆ ಎಷ್ಟು ಸಲ ಓಡಾಡಿದ್ಳು, ನೀವೇ ನೋಡಿದೀರಿ. ಹೇಳಿದ್ರೆ ನಾಳೆಯಿಂದ ನಾನು ಅವಳ ಅಪ್ಪ ಆಗಿರಲ್ಲ. ಪೇಷಂಟ್ ಆಗ್ತೀನಿ. ಇನ್ನೆರಡು ವಾರ ಅಪ್ಪ ಆಗಿರ್ತೀನಿ. ಮಾತು ಕೊಡಿ.”

ನಾನು ಮಾತು ಕೊಟ್ಟೆ.

ಇದನ್ನು ಕರುಣೆಯಿಂದ ಮಾಡಿದೆನೆಂದು ಬಹಳ ದಿನ ನಂಬಿಕೊಂಡಿದ್ದೆ. ಪೂರ್ತಿ ನಿಜವಲ್ಲ. ಹದಿನೇಳು ವರ್ಷದಲ್ಲಿ ಆ ಮನುಷ್ಯ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವರ ಸ್ವಂತ ಮಕ್ಕಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎನ್ನುವ ಹೆಮ್ಮೆ ಆ ಡೆಕ್ಕಿನ ಮೇಲೆ ನನ್ನ ತಲೆಗೇರಿತ್ತು.

ಮನೆಗೆ ಬಂದ ಮೇಲೆ, ಹಡಗಿನ ಮೆಟ್ಟಿಲಲ್ಲಿ ಜಾರಿ ಅಂಗೈ ತರಚಿತೆಂದು ಹೇಳಿದೆ. ಕಾಫಿಯನ್ನು ಮಾವನ ಮುಖದ ನೇರಕ್ಕೆ ಹಿಡಿಯತೊಡಗಿದೆ. ಅನಘಾಳ ಸ್ಕೂಲ್ ಬ್ಯಾಗು ದಾರಿಯಲ್ಲಿ ಬಿದ್ದಿದ್ದರೆ ಅವರು ಬರುವ ಮೊದಲೇ ಎತ್ತಿಡುತ್ತಿದ್ದೆ. “ಏನಪ್ಪಾ, ಕ್ರೂಸಿಗೆ ಹೋಗಿ ಬಂದ್ಮೇಲೆ ಮಾವ ಅಳಿಯ ಫುಲ್ ಕ್ಲೋಸ್ ಆಗ್ಬಿಟ್ರಿ” ಎಂದು ಚಿತ್ರಾ ನಗುತ್ತಿದ್ದಳು. ಆ ದಿನಗಳಲ್ಲಿ ಅವಳು ತುಂಬ ಸಂತೋಷವಾಗಿದ್ದಳು. ಅದನ್ನು ನೋಡಿದಾಗಲೆಲ್ಲ ನಾನು ಮಾಡಿದ್ದೇ ಸರಿ ಎನ್ನಿಸುತ್ತಿತ್ತು.

ಪೆನಾಂಗಿನಲ್ಲಿ ಬಿದ್ದ ಹನ್ನೊಂದನೆಯ ದಿನ ಬೆಳಿಗ್ಗೆ ಮಾವ ನಡುಮನೆಯಲ್ಲಿ ಕೂತು ಒಂದು ಕಣ್ಣನ್ನು ಕೈಯಿಂದ ಮುಚ್ಚುತ್ತಿದ್ದರು, ತೆಗೆಯುತ್ತಿದ್ದರು. ನಾನು ಹತ್ತಿರ ಹೋದೆ. “ಎಡಗಣ್ಣಲ್ಲಿ ಮಂಜು” ಎಂದರು. ಅವರ ದನಿಯಲ್ಲಿ ಹೆದರಿಕೆ ಕೇಳಿದ್ದು ಅದೊಂದೇ ಸಲ. ನಾನು ಅಡಿಗೆಮನೆಗೆ ಓಡಿದೆ. ಚಿತ್ರಾಗೆ ಎಲ್ಲವನ್ನೂ ಹೇಳಿದೆ, ಒಂದನ್ನು ಬಿಟ್ಟು. “ಈಗಷ್ಟೇ ಹೇಳಿದ್ರು ಕಣೆ” ಎಂದೆ. ನಡುಮನೆಯಲ್ಲಿ ಕೂತಿದ್ದ ಮಾವನಿಗೆ ಅದು ಕೇಳಿಸಿತು. ಅವರು ತಿದ್ದಲಿಲ್ಲ.

ಚಿತ್ರಾ ಅವತ್ತೇ ಇಲ್ಲಿನ ಡಾಕ್ಟರಿಗೆ ತೋರಿಸಿದಳು, ಮೂರನೆಯ ದಿನ ಮೈಸೂರಿಗೆ ಕರೆದುಕೊಂಡು ಹೋದಳು. ಆಪರೇಷನ್ ಆಗಿ ಬಲಗಣ್ಣಿನಲ್ಲಿ ಒಂದು ಸಣ್ಣ ವೃತ್ತದಷ್ಟು ನೋಟ ಉಳಿಯಿತು. ಎಡಗಣ್ಣು ಹೋಯಿತು. ಇನ್ನೂ ಸ್ವಲ್ಪ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಅವಳು ಕೇಳಿದ್ದಕ್ಕೆ, ಹೇಳಲಾಗದು ಎಂದರಂತೆ ಡಾಕ್ಟರು. ಫೋನಿನಲ್ಲಿ ಅವಳು ಅಳುತ್ತ ಅದನ್ನು ನನಗೆ ಹೇಳಿದಾಗ, ನಾನೂ “ಹೇಳೋಕಾಗಲ್ಲ” ಎಂದೆ.

ಆಮೇಲೆ ಮೂರು ವರ್ಷ ಮಾವ ಇದ್ದರು. ಆ ಸಣ್ಣ ವೃತ್ತದಲ್ಲೇ ಪೇಪರ್ ಓದುತ್ತಿದ್ದರು, ಮೊಮ್ಮಕ್ಕಳಿಗೆ ಭೂಪಟ ಬರೆದು ತೋರಿಸುತ್ತಿದ್ದರು. ನಾವಿಬ್ಬರೂ ಫೋನಿನಲ್ಲಿ ಆ ಹನ್ನೊಂದು ದಿನದ ಸುದ್ದಿ ಎತ್ತಲಿಲ್ಲ. ಎಂಟು ತಿಂಗಳ ಹಿಂದೆ ಹೃದಯ ನಿಂತು ತೀರಿಕೊಂಡರು. ಈಗ ಆ ಗುಟ್ಟಿಗೆ ನಾನೊಬ್ಬನೇ ವಾರಸುದಾರ.

ಇಷ್ಟರಲ್ಲಿ ಚಿತ್ರಾಳನ್ನು ಒಳಗೆ ಕರೆದರು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು, “ಈ ವರ್ಷ ಏನೂ ಇಲ್ಲವಂತೆ” ಎಂದಳು. ಔಷಧಿಯಿಂದ ಅವಳ ಕಣ್ಣಿನ ಪಾಪೆಗಳು ಅಗಲವಾಗಿ ಕಪ್ಪಗೆ ಹೊಳೆಯುತ್ತಿದ್ದವು. ಹೊರಗೆ ಬೆಡೋಕಿನ ಮಧ್ಯಾಹ್ನದ ಬಿಸಿಲು. ಬಾಗಿಲು ತೆರೆದ ಕೂಡಲೇ ಕಣ್ಣು ಬಿಡಲಾಗದೆ ನನ್ನ ತೋಳು ಹಿಡಿದುಕೊಂಡಳು. ಊಟದಂಗಡಿಗಳ ಹಾಕರ್ ಸೆಂಟರಿನ ಪಕ್ಕದ ನೆರಳಿನಲ್ಲಿ ಒಂದಿಷ್ಟು ದೂರ ನಡೆದೆವು.

“ಆ ನರ್ಸು ಬರ್ಕೊಂಡಿದ್ದು ತಪ್ಪು” ಎಂದೆ.

“ಯಾವ್ದು?”

“ಅಪ್ಪಂದು ಗೊತ್ತಾಗಿದ್ದ ದಿನ. ನನಗೆ ಪೆನಾಂಗಿನಲ್ಲೇ ಗೊತ್ತಾಗಿತ್ತು. ಅವರು ಬಿದ್ದಿದ್ದು ಹಡಗಲ್ಲಲ್ಲ, ಬೀದೀಲಿ. ಕಣ್ಣು ಕಾಣ್ದೆ. ನಿನಗೆ ಹೇಳ್ಬೇಡಿ ಅಂತ ಮಾತು ತಗೊಂಡ್ರು. ನಾನು ಕೊಟ್ಟೆ. ಆಮೇಲೆ ಈಗಷ್ಟೇ ಹೇಳಿದ್ರು ಅಂತ ನಿನಗೆ ಸುಳ್ಳು ಹೇಳ್ದೆ.”

ಅವಳು ನಿಂತಳು. ತೋಳಿನ ಮೇಲಿದ್ದ ಬೆರಳುಗಳು ಸಡಿಲವಾದವು. ನನ್ನ ಮುಖ ನೋಡಲು ಪ್ರಯತ್ನಿಸಿದಳು. ಬೆಳಕು ಚುಚ್ಚಿ ನೀರು ಬಂತೋ, ಬೇರೆಯದಕ್ಕೆ ಬಂತೋ, ಕಣ್ಣು ಮುಚ್ಚಿಕೊಂಡಳು.

“ಎಷ್ಟು ದಿನ?”

“ಹನ್ನೊಂದು.”

“ಹನ್ನೊಂದು ದಿನ” ಎಂದಳು. ಮತ್ತೊಂದು ಸಲ, ತನಗೆ ತಾನೇ ಎಂಬಂತೆ, “ಹನ್ನೊಂದು ದಿನ.”

ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಬೇಡವೆಂದು ಕೈ ಎತ್ತಿದಳು. ನಮ್ಮನ್ನು ದಾಟಿಕೊಂಡು ಜನ ಊಟದ ಪೊಟ್ಟಣ ಹಿಡಿದು ಹೋಗುತ್ತಿದ್ದರು. ಅವಳು ಒಬ್ಬಳೇ ಎರಡು ಹೆಜ್ಜೆ ಮುಂದೆ ಹೋದಳು. ನೆರಳು ಅಲ್ಲಿಗೆ ಮುಗಿದಿತ್ತು, ಆಚೆಗೆ ದೊಡ್ಡ ರಸ್ತೆ, ದಾಟುವವರ ಸಿಗ್ನಲ್ಲು ಕೆಂಪಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ನಾನು ಪಕ್ಕಕ್ಕೆ ಹೋಗಿ ನಿಂತೆ, ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ, ಮುಖ ಅತ್ತ ಇಟ್ಟುಕೊಂಡೇ ಅವಳ ಕೈ ನನ್ನ ಮೊಣಕೈಯನ್ನು ಹುಡುಕಿ ಗಟ್ಟಿಯಾಗಿ, ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿತು.

“ಗ್ರೀನ್ ಆಯ್ತಾ?” ಎಂದು ಕೇಳಿದಳು.

“ಇನ್ನೂ ಇಲ್ಲ.”

“ಆದ ತಕ್ಷಣ ಹೇಳು.”